ನಟ್ಟು ಬಿಡಿಸುವ ಅಕ್ಕ

ಮದುವೆಯಾಗಿ ಯಲಹಂಕಕ್ಕೆ ಬಂದ ಹೊಸದರಲ್ಲಿ, ಒಂದು ಬೆಳಿಗ್ಗೆ ಪಕ್ಕದ ಮನೆಯ ಹಿತ್ತಿಲಿನಿಂದ ಹೆಂಗಸೊಬ್ಬರು ಯಾರನ್ನೋ ರಮಿಸುವ ದನಿ ಕೇಳಿಸಿತು. "ವಸಿ ತಾಳು ಕಂದ, ಎಣ್ಣೆ ಒಳಗಿಳೀಲಿ, ಆಮ್ಯಾಕೆ ಬಿಸಿ ಮಾಡ್ತೀನಿ" ಅನ್ನುತ್ತಿದ್ದರು. ಅದರ ಹಿಂದೆಯೇ ಹರಳೆಣ್ಣೆಯ ವಾಸನೆಯೂ ತೇಲಿ ಬಂತು. ಕೂಸಿಗೆ ಎಣ್ಣೆನೀರು ಹಾಕುತ್ತಿದ್ದಾರೆ ಎಂದುಕೊಂಡೆ. ನಮ್ಮವರು ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರು, ಬೆಳಗಿನ ರೈಲು ಹತ್ತಿದರೆ ಸಂಜೆಗೇ ಮನೆ. ಮಾತಾಡಲು ಒಂದು ನರಪಿಳ್ಳೆಯಿಲ್ಲದೆ ಬೇಸತ್ತಿದ್ದ ನಾನು, ಕೂಸನ್ನು ನೋಡುವ ನೆಪದಲ್ಲಿ ಪರಿಚಯ ಮಾಡಿಕೊಳ್ಳೋಣವೆಂದು ಮಣ್ಣುಗೋಡೆಯ ಮೇಲಿಂದ ಇಣುಕಿದೆ.

ಕೂಸಿರಲಿಲ್ಲ. ಹಿತ್ತಿಲ ತುಂಬ ಕಬ್ಬಿಣವಿತ್ತು. ಹಲ್ಲು ಮುರಿದ ಗಾಲಿಗಳು, ಬಾಯಿ ತೆರೆದುಕೊಂಡ ಕಬ್ಬಿನ ಗಾಣ, ಅಂಗಾತ ಬಿದ್ದ ಕಬ್ಬಿಣದ ನೇಗಿಲುಗಳು. ಅವುಗಳ ನಡುವೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತ, ಕಾಸಗಲ ಕುಂಕುಮದ ಹೆಂಗಸೊಬ್ಬರು ಹುಲ್ಲು ಕತ್ತರಿಸುವ ಯಂತ್ರದ ತುಕ್ಕು ಹಿಡಿದ ನಟ್ಟಿಗೆ ಕೋಳಿಪುಕ್ಕದಿಂದ ಎಣ್ಣೆ ಹಚ್ಚುತ್ತಿದ್ದರು. ನನ್ನನ್ನು ಕಂಡು ಅವರು ನಾಚಿಕೊಳ್ಳಲೂ ಇಲ್ಲ, ಬೆಚ್ಚಲೂ ಇಲ್ಲ. "ಒಸಬ್ಳಾ? ಬಾರವ್ವ, ಈ ಚಕ್ರ ಒಂಚೂರು ಅದುಮ್ಕೊ" ಅಂದರು. ನನ್ನ ಕೈಯ ಅರಿಶಿನವಿನ್ನೂ ಮಾಸಿರಲಿಲ್ಲ. ಆ ಕೈಯಲ್ಲೇ ಚಕ್ರ ಅದುಮಿ ಹಿಡಿದೆ. ನಮ್ಮ ಸ್ನೇಹ ಶುರುವಾದದ್ದು ಅಲ್ಲಿಂದ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ಕೂಗಿದರೆ ಆಕೆ ತಿರುಗಿಯೂ ನೋಡುತ್ತಿರಲಿಲ್ಲ. ಅದು ರೇಷನ್ ಅಂಗಡಿಯವನು ಕರೆಯುವುದಕ್ಕೆ ಇರುವುದು ಎನ್ನುತ್ತಿದ್ದರು. ಊರಿನವರು ಬೆನ್ನ ಹಿಂದೆ ತಿರುಪಮ್ಮ ಎಂದು ಹೆಸರಿಟ್ಟಿದ್ದರು, ತಿರುಪು ಬಿಚ್ಚುವಾಕೆ ಎಂದು. ಅದು ಆಕೆಗೆ ಗೊತ್ತಿತ್ತು. ಯಾವುದೋ ದೇವರ ಹೆಸರಿದ್ದಂತೆ ಕೇಳಿಸುತ್ತದೆ ಎಂದು ಒಳಗೊಳಗೇ ಖುಷಿಯೂ ಇತ್ತು. ನಾನು ಮಾತ್ರ ಅಕ್ಕ ಅನ್ನುತ್ತಿದ್ದೆ.

ಹಿತ್ತಿಲಿಗೆ ಅಷ್ಟು ಕಬ್ಬಿಣ ಬಂದದ್ದು ಅಕ್ಕನ ಯಜಮಾನರ ದೆಸೆಯಿಂದ. ಎತ್ತರದ ಆಳು, ತಲೆಗೆ ರುಮಾಲು, ಗಿರಿಜಾ ಮೀಸೆ, ಸಂತೆಯ ಈ ತುದಿಯಲ್ಲಿ ಮಾತಾಡಿದರೆ ಆ ತುದಿಗೆ ಕೇಳಿಸುವ ದನಿ. ಅಟ್ಟೂರಿನ ದಾರಿಯಲ್ಲಿ ರಾಗಿ ಹೊಲವಿತ್ತು, ತಕ್ಕಮಟ್ಟಿನ ಅನುಕೂಲಸ್ಥರು. ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದ ಚಟವೆಂದರೆ ಹಳೆಯ ಯಂತ್ರದ್ದು. ಜಾಲಹಳ್ಳಿಯ ಕಡೆ ಯುದ್ಧಕಾಲದ ಬೇಡದ ಸಾಮಾನು ಹರಾಜಾಗುತ್ತದೆಂದು ಕಿವಿಗೆ ಬಿದ್ದರೆ ಗಾಡಿ ಕಟ್ಟುತ್ತಿದ್ದರು. ಹೆಬ್ಬಾಳದ ಕಡೆಯ ಜಮೀನುದಾರರೊಬ್ಬರ ಮನೆಯಲ್ಲಿ ಹಳೆಯ ಆಯಿಲ್ ಇಂಜಿನ್ನನ್ನು ಮೂಲೆಗೆ ತಳ್ಳಿದರೆ, ಅದರ ಸುಳಿವು ಇಲ್ಲಿ ಯಲಹಂಕದಲ್ಲಿ ಕೂತ ಇವರಿಗೆ ಹೇಗೋ ಹತ್ತುತ್ತಿತ್ತು. ಮಳೆಯಲ್ಲಿ ನೆನೆದು, ಬಿಸಿಲಲ್ಲಿ ಬೆಂದು, ನಟ್ಟು ಬೋಲ್ಟುಗಳೆಲ್ಲ ಒಂದೇ ಉಂಡೆಯಾದ ಯಂತ್ರವನ್ನು ಗಾಡಿಯಿಂದ ಇಳಿಸುತ್ತ ಅವರು ಪ್ರತಿಸಲವೂ ಆಡುತ್ತಿದ್ದ ಮಾತೊಂದಿತ್ತು: "ಎಲ್ಡು ನಟ್ ಬಿಚ್ಚುದ್ರೆ ಓಡ್ತದೆ."

ಆ ಎರಡು ನಟ್ಟು ಅವರ ಕೈಯಲ್ಲಿ ಯಾವತ್ತೂ ಬಿಚ್ಚುತ್ತಿರಲಿಲ್ಲ. ನಟ್ಟು ತಿರುಗಿಸುವ ಪಾನಾ ಹಾಕಿ ಜಗ್ಗುವರು, ಬಾರದಿದ್ದರೆ ನಟ್ಟಿನ ವಂಶವನ್ನೆಲ್ಲ ಬೈಯುವರು, ಆಮೇಲೆ ಸುತ್ತಿಗೆ ಎತ್ತುವರು. ಸುತ್ತಿಗೆಯ ಪೆಟ್ಟು ನಟ್ಟಿಗೆ ಬಿದ್ದದ್ದಕ್ಕಿಂತ ಪಕ್ಕದ ಕಲ್ಲಿಗೆ, ಗೋಡೆಗೆ, ಅವರದೇ ಹೆಬ್ಬೆರಳಿಗೆ ಬಿದ್ದದ್ದು ಹೆಚ್ಚು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಇನ್ನೊಂದು ಹರಾಜಿಗೆ ಹೊರಟುಬಿಡುವರು. ತಂದದ್ದು ಹಿತ್ತಿಲಲ್ಲಿ ಉಳಿಯುತ್ತಿತ್ತು.

ಅಕ್ಕ ಈ ಕೆಲಸಕ್ಕಿಳಿದದ್ದು ವಿದ್ಯೆಯ ಆಸೆಯಿಂದಲ್ಲ, ಜಾಗದ ಆಸೆಯಿಂದ. ಸಂಡಿಗೆ ಇಡಲು, ಮೆಣಸಿನಕಾಯಿ ಹರವಲು ಹಿತ್ತಿಲಲ್ಲಿ ಒಂದು ಮೊರದಗಲ ನೆಲ ಉಳಿದಿರಲಿಲ್ಲ. ಯಂತ್ರ ಓಡುವಂತಾದರೆ ಯಾರಾದರೂ ಹೊತ್ತುಕೊಂಡು ಹೋದಾರು, ನೆಲ ಸಿಕ್ಕೀತು ಎಂಬುದು ಆಕೆಯ ದೂರಾಲೋಚನೆ. ಮೊದಲ ನಟ್ಟು ಬಂದದ್ದು ಆಕಸ್ಮಿಕವಾಗಿ. ಎಣ್ಣೆನೀರಿನ ದಿನ ಅಂಗೈಯಲ್ಲಿ ಮಿಕ್ಕ ಬಿಸಿ ಹರಳೆಣ್ಣೆಯನ್ನು ಒರೆಸಿಕೊಳ್ಳಲು ಬಟ್ಟೆ ಸಿಗದೆ, ಕೈಗೆಟುಕಿದ ನಟ್ಟಿಗೆ ಒರೆಸಿದರಂತೆ. ಬಟ್ಟೆ ಜಿಡ್ಡಾಗುವುದು ತಪ್ಪಿತಲ್ಲ ಎಂದು ಮತ್ತೆ ಮತ್ತೆ ಹಾಗೇ ಮಾಡಿದರಂತೆ. ಒಂದು ದಿನ ಯಜಮಾನರು ಊರಲ್ಲಿಲ್ಲದಾಗ ಪಾನಾ ಹಾಕಿ ನೋಡಿದರೆ, ನಟ್ಟು ಮಾತಾಡಿತಂತೆ. ಮಾತಾಡಿತು ಎಂಬುದು ಆಕೆಯದೇ ಶಬ್ದ. ತುಕ್ಕಿನ ಹಿಡಿತ ಬಿಡುವಾಗ ಒಳಗಿನಿಂದ ಟಿಕ್ ಎಂದು ಬರುವ ಸಣ್ಣ ಸದ್ದು ಅದು. ಆಮೇಲೆ ನಾನೂ ಎಷ್ಟೋ ಸಲ ಕೇಳಿದ್ದೇನೆ. ಆ ಸದ್ದಾದಾಗ ಅಕ್ಕನ ಮುಖ, ಹಸು ಕರು ಹಾಕಿತೆಂದು ಕೊಟ್ಟಿಗೆಯಿಂದ ಸುದ್ದಿ ಬಂದಾಗಿನ ಮುಖದಂತಿರುತ್ತಿತ್ತು.

ಬರಬರುತ್ತ ಆಕೆಯದೇ ಒಂದು ಕ್ರಮ ಬೆಳೆಯಿತು. ಮೊದಲು ಪಾತ್ರೆ ತಿಕ್ಕುವಂತೆ ಇಟ್ಟಿಗೆ ಪುಡಿ, ತೆಂಗಿನ ನಾರು ಹಾಕಿ ಮೇಲಿನ ತುಕ್ಕು ಉಜ್ಜುವುದು. ಸೀಮೆಎಣ್ಣೆಗೆ ಹರಳೆಣ್ಣೆ ಬೆರೆಸಿ ಹಚ್ಚಿ, ಒಂದೆರಡು ದಿನ ಅದರ ಪಾಡಿಗೆ ಬಿಡುವುದು. ಸುತ್ತಲೂ ಮೆಲ್ಲಗೆ ತಟ್ಟುವುದು. ಜಗ್ಗದಿದ್ದರೆ ಒಲೆಯಿಂದ ಕೆಂಡ ತಂದು ನಟ್ಟನ್ನು ಕಾಯಿಸುವುದು. ಕಾದ ನಟ್ಟಿನ ಬುಡಕ್ಕೆ ಮೇಣದಬತ್ತಿಯ ತುಂಡು ಒತ್ತಿದರೆ, ಬಿಸಿ ಮುದ್ದೆಯ ಗುಳಿಯಲ್ಲಿ ತುಪ್ಪ ಇಳಿದಂತೆ ಮೇಣ ಕರಗಿ ಸುತ್ತುಗಳೊಳಕ್ಕೆ ಇಳಿಯುತ್ತಿತ್ತು. ಎಲ್ಲಕ್ಕೂ ಕೊನೆಗೆ ಪಾನಾ. ಅದನ್ನೂ ಬಿಚ್ಚುವ ಕಡೆಗೆ ಒಮ್ಮೆಲೇ ತಿರುಗಿಸುತ್ತಿರಲಿಲ್ಲ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಬಿಚ್ಚುವ ಕಡೆಗೆ. ಬಿಚ್ಚಬೇಕಾದದ್ದನ್ನು ಬಿಗಿ ಮಾಡುವುದೇಕೆ ಎಂದು ಕೇಳಿದ್ದಕ್ಕೆ, ನಾವು ಯಾವ ಕಡೆಯಿಂದ ಬರುತ್ತೇವೆಂದು ಅದಕ್ಕೆ ಗೊತ್ತಾಗಬಾರದು ಅಂದರು. ಹಾಗೆ ಮಾಡಿದರೆ ತುಕ್ಕು ಬಿರುಕು ಬಿಡುತ್ತದೆ ಎಂಬುದು ನನಗೆ ಹೊಳೆದದ್ದು ಬಹಳ ದಿನದ ಮೇಲೆ.

ಪಾನಾಗಳು ಅಡುಗೆಮನೆಯಲ್ಲಿ ಸೌಟುಗಳ ಪಕ್ಕದಲ್ಲೇ ನೇತಾಡುತ್ತಿದ್ದವು. ಅವರ ಮನೆಯ ಹಬ್ಬದೂಟಕ್ಕೆ ಬಡಿಸಲು ಹೋಗಿ ನಾನೊಮ್ಮೆ ಸಾರಿನ ಪಾತ್ರೆಗೆ ಪಾನಾ ಇಳಿಬಿಟ್ಟಿದ್ದೇನೆ. ಕೆಲಸದ ಹೊತ್ತಿನಲ್ಲಿ ಎರಡು ಕಟ್ಟಳೆಯಿತ್ತು. ಪಕ್ಕದಲ್ಲಿ ನಿಂತು ಬಂತಾ, ಬಂತಾ ಎಂದು ಕೇಳಕೂಡದು. ನಟ್ಟಿಗೆ ಬೈಯಕೂಡದು.

ಈ ಎರಡನೆಯ ಕಟ್ಟಳೆಯನ್ನು ಆಕೆಯೇ ಮುರಿದ ಸಂದರ್ಭವೊಂದಿದೆ. ಒಂದು ಬೇಸಿಗೆಯಲ್ಲಿ ಕಡಲೆಕಾಯಿ ಸುಲಿಯುವ ಯಂತ್ರದ ಚಕ್ರದ ನಟ್ಟು ಹಠ ಹಿಡಿಯಿತು. ಎಣ್ಣೆ ಕುಡಿಸಿದರು, ಕೆಂಡ ಇಟ್ಟರು. ಅವರ ಮನೆಯ ಮೇಣದಬತ್ತಿ ಮುಗಿದು ನಮ್ಮ ಮನೆಯವೂ ಮುಗಿದವು. ಬೆಳಿಗ್ಗೆ ಬೆಳಿಗ್ಗೆ ಅಕ್ಕ ಕ್ರಮದಂತೆ ಎಳೆಯಷ್ಟು ಬಿಗಿ ಮಾಡುವರು, ಅದೇನೋ ಸಲೀಸಾಗಿ ಮಿಸುಕುವುದು. ಆಮೇಲೆ ಬಿಚ್ಚುವ ಕಡೆಗೆ ನಾವಿಬ್ಬರೂ ಜೋತುಬಿದ್ದು ಜಗ್ಗಿದರೆ ಕಲ್ಲು ಕಂಬದಂತೆ ನಿಲ್ಲುವುದು. ಕಡೆಗೊಂದು ದಿನ ಆಕೆ ಅದರ ಮುಂದೆ ನಿಂತು, ಅದನ್ನು ಮಾಡಿದವನನ್ನು, ಅವನ ಹೆತ್ತವರನ್ನು, ಹಡಗಿನಲ್ಲಿ ತಂದವರನ್ನು ಎಲ್ಲ ಸೇರಿಸಿ ಬೈದು, ಹಾಲು ಉಕ್ಕುತ್ತದೆಂದು ಒಳಗೆ ಹೋದರು. ನಾನು ಸುಮ್ಮನಿರಲಾರದೆ ಪಾನಾ ಹಿಡಿದು, ಯಾವ ಕಡೆ ಎಂಬುದನ್ನು ಮರೆತು ತಿರುಗಿಸಿದೆ. ನಟ್ಟು ಸುತ್ತು ಸುತ್ತಾಗಿ ಬಂದು ನನ್ನ ಕೈಗೇ ಬಿತ್ತು. ಮುರಿದೇಹಾಕಿದೆ ಎಂದುಕೊಂಡು ಅಕ್ಕನನ್ನು ಕೂಗಿದೆ. ಅಕ್ಕ ಬಂದು ನೋಡಿದರು, ನಟ್ಟನ್ನು ಬೋಲ್ಟಿಗೆ ಹಾಕಿ ತೆಗೆದು ಮತ್ತೆ ನೋಡಿದರು. ಅದು ಎಡಸುತ್ತಿನ ನಟ್ಟು. ಉಳಿದವು ಬಿಗಿಯಾಗುವ ಕಡೆಗೆ ಇದು ಬಿಚ್ಚುತ್ತಿತ್ತು. ಇಷ್ಟು ದಿನವೂ ನಾವು ಎಳೆಯಷ್ಟು ಬಿಚ್ಚಿ, ಆಮೇಲೆ ಇಬ್ಬರೂ ಪ್ರಾಣ ಬಿಟ್ಟು ಅದನ್ನೇ ಬಿಗಿ ಮಾಡುತ್ತಿದ್ದೆವು. ಆಕೆ ನೆಲಕ್ಕೆ ಕುಸಿದು ಕೂತು ನಕ್ಕರು, ಕಣ್ಣಲ್ಲಿ ನೀರು ಬರುವತನಕ ನಕ್ಕರು. ಸಂಜೆ ನೀರಿಗೆ ಹೋದಾಗ ಅಲ್ಲಿದ್ದ ಹೆಂಗಸರಿಗೆಲ್ಲ, ತಾನು ಒಂದು ನಟ್ಟಿನ ಕೈಯಲ್ಲಿ ಹೇಗೆ ಪೆಚ್ಚಾದೆ ಎಂಬುದನ್ನು ಅಭಿನಯಿಸಿ ತೋರಿಸಿದರು.

ಇಷ್ಟಾದರೂ ಹೊರಗಿನ ಮಾತಿನಲ್ಲಿ ನಟ್ಟು ಬಿಚ್ಚುವವರು ಯಜಮಾನರು. ಸುತ್ತಲ ಹಳ್ಳಿಗಳಿಂದ ರೈತರು ಜಾಮ್ ಆದ ಯಂತ್ರಗಳನ್ನು ಗಾಡಿಯಲ್ಲಿ ತಂದಿಳಿಸುತ್ತಿದ್ದರು. ಜಗಲಿಯ ಮೇಲೆ ಕೂತ ಯಜಮಾನರು ಮೀಸೆ ನೇವರಿಸುತ್ತ, ಬಿಟ್ಟುಹೋಗಿ, ನಮ್ಮ ಕೈಲಾಗದ್ದು ಏನಿದೆ, ವಾರ ಬಿಟ್ಟು ಬನ್ನಿ ಎಂದು ಕಳಿಸುವರು. ಹಿತ್ತಿಲಲ್ಲಿ ಅಕ್ಕ ಬಿಚ್ಚುವರು. ಬಿಚ್ಚಿದ ಮೇಲೆ ನಟ್ಟನ್ನು ಅಲ್ಲೇ ಮತ್ತೆ ಕೈಬಿಗಿಯಲ್ಲಿ ಕೂರಿಸಿ, ಮೇಲೆ ಚೂರು ತುಕ್ಕಿನ ಪುಡಿ ಉದುರಿಸಿ ಇಡುವರು. ರೈತರು ಬಂದ ದಿನ ಅಂಗಳದಲ್ಲಿ ಪ್ರದರ್ಶನ. ಯಜಮಾನರು ರುಮಾಲು ಬಿಗಿದು, ಅಂಗೈಗೆ ಉಗುಳಿಕೊಂಡು, ಯಂತ್ರಕ್ಕೆ ಕಾಲು ಕೊಟ್ಟು ಜಗ್ಗುವರು. ಕೊರಳ ನರ ಉಬ್ಬುತ್ತಿತ್ತು, ಮುಖ ಕೆಂಪಾಗುತ್ತಿತ್ತು, ಗಂಟಲಿನಿಂದ ಹುಲಿ ಗುರುಗುಟ್ಟಿದಂಥ ಸದ್ದು ಹೊರಡುತ್ತಿತ್ತು. ಕೊನೆಗೆ ನಟ್ಟು ಬಂದಾಗ ರೈತರು ನಿಮ್ಮ ತೋಳು ತೋಳಲ್ಲ ಯಜಮಾನ್ರೇ ಅನ್ನುವರು. ಅಡುಗೆಮನೆಯ ಕಿಟಕಿಯಲ್ಲಿ ಅಕ್ಕ ಸೆರಗು ಕಚ್ಚಿಕೊಂಡು ನಿಂತಿರುತ್ತಿದ್ದರು.

ನನಗೆ ಇದು ಸರಿಬರುತ್ತಿರಲಿಲ್ಲ. ಮಾಡುವವರು ನೀವು, ಹೊಗಳಿಸಿಕೊಳ್ಳುವವರು ಅವರು, ಬೇಜಾರಾಗೋದಿಲ್ಲವೇ ಎಂದು ಕೇಳಿಯೇಬಿಟ್ಟೆ. "ಅವ್ರು ತಿಣುಕೋದ ನೋಡಕ್ಕೇ ಅಲ್ವಾ ನಾನು ಬಿಚ್ಚದು" ಅಂದರು. ತಮಾಷೆಗೆ ಅಂದದ್ದು. ಆದರೆ ಮರುಗಳಿಗೆಯಲ್ಲೇ ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ಗೆರೆಗಳಲ್ಲೆಲ್ಲ ಕಪ್ಪು ಕೂತಿತ್ತು, ಸೀಗೆಪುಡಿಗೂ ಹೋಗದ ಕಪ್ಪು.

ಆಕೆಗೆ ಸಿಟ್ಟು ಬಂದರೆ ಅದನ್ನು ತೀರಿಸಿಕೊಳ್ಳುವ ದಾರಿಯೂ ನಟ್ಟಿನಲ್ಲೇ ಇತ್ತು. ಕಷ್ಟಪಟ್ಟು ಹಿತ್ತಿಲಲ್ಲಿ ಒಂದು ಚಾಪೆಯಗಲ ಜಾಗ ಮಾಡಿಕೊಂಡು ಸಂಡಿಗೆ ಇಟ್ಟಿದ್ದರು. ಯಜಮಾನರು ಹೇಳದೆ ಕೇಳದೆ ಇನ್ನೊಂದು ಗಾಣ ತಂದು, ಚಾಪೆ ಸರಿಸಿ ಅಲ್ಲೇ ಇಳಿಸಿದರು. ಅಕ್ಕ ಚಾಪೆ ಸುತ್ತಿ ಒಳಗಿಟ್ಟರು. ಮರುದಿನ ಪ್ರದರ್ಶನಕ್ಕೆ ಇಟ್ಟ ನಟ್ಟನ್ನು ಕೈಬಿಗಿಯಲ್ಲಿ ಬಿಡದೆ, ಪಾನಾದ ಹಿಡಿಗೆ ಕೊಳವೆ ಸಿಕ್ಕಿಸಿ ಉದ್ದ ಮಾಡಿ, ಬಲವಾಗಿ ಜಡಿದಿಟ್ಟರು. ಆ ದಿನ ಯಜಮಾನರು ಎಂದಿನಂತೆ ಗುರುಗುಟ್ಟಿದರು. ನಟ್ಟು ಬರಲಿಲ್ಲ. ನಿಜವಾಗಿ ಗುರುಗುಟ್ಟಿದರು. ರುಮಾಲು ಬಿಚ್ಚಿಹೋಯಿತು. ರೈತರು ಕೈಜೋಡಿಸಲೇ ಎಂದರು, ಬೇಡವೆಂದರು. ಕೊನೆಗೆ ಅಕ್ಕ ಎಲ್ಲರಿಗೂ ಮಜ್ಜಿಗೆ ತಂದು ಕೊಟ್ಟು, ಬಿಸಿಲು ಜಾಸ್ತಿಯಾಯಿತು, ನಾಳೆ ನೋಡಿಕೊಳ್ಳಲಿ ಬಿಡಿ ಎಂದು ಗಂಡನ ಮಾನ ಉಳಿಸಿದರು. ಆಮೇಲೆ ಸುಮಾರು ದಿನ ಯಜಮಾನರು ಹರಾಜಿಗೆ ಹೋಗುವ ಮುಂಚೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೋಗಿ ಬರಲೇ ಎಂದು ಕೇಳುತ್ತಿದ್ದರು.

ಮುಂದಿನ ಸಂಗತಿ ನಡೆದದ್ದು ಹಿಂಗಾರು ಬಿಟ್ಟೂಬಿಡದೆ ಸುರಿದ ವರ್ಷ. ಯಲಹಂಕದ ಕೆರೆ ಕೋಡಿ ಬಿತ್ತು. ಬಾವಿಗಳಲ್ಲಿ ನೀರು ಏರತೊಡಗಿತು. ಅಟ್ಟೂರಿನ ಹತ್ತಿರ ಒಬ್ಬ ತಾತ ಹೊಸದಾಗಿ ದ್ರಾಕ್ಷಿ ಚಪ್ಪರ ಹಾಕಿದ್ದ. ಎತ್ತು ಕಟ್ಟಿ ನೀರೆತ್ತುವ ಕಪಿಲೆಯನ್ನು ನಿಲ್ಲಿಸಿ, ಬಾವಿಯೊಳಗೆ ಅರ್ಧದಲ್ಲಿದ್ದ ಕಲ್ಲಿನ ಜಗಲಿಯ ಮೇಲೆ ಆಯಿಲ್ ಇಂಜಿನ್ನು ಕೂರಿಸಿದ್ದ. ನಾಲ್ಕು ಮೂಲೆಗೆ ನಾಲ್ಕು ಬೋಲ್ಟು ಹಾಕಿ ಕಲ್ಲಿಗೆ ಬಿಗಿದಿದ್ದ, ಅವು ಬಾವಿಯ ತೇವಕ್ಕೆ ತುಕ್ಕು ತಿಂದು ಕಲ್ಲಿನ ಜೊತೆಗೇ ಕಲ್ಲಾಗಿದ್ದವು. ನೀರು ಈಗ ಜಗಲಿಗೆ ಮೊಳದಷ್ಟು ಕೆಳಗಿತ್ತು. ಇಂಜಿನ್ನಿನೊಳಗೆ ಕೆಸರುನೀರು ಹೊಕ್ಕರೆ ಆಮೇಲೆ ಅದು ಗುಜರಿಗೇ. ಇಂಜಿನ್ನು ಹೋದರೆ ಬೇಸಿಗೆಯಲ್ಲಿ ಚಪ್ಪರ ಒಣಗುತ್ತದೆ. ತಾತನಿಗೆ ಅದು ಮೊದಲನೇ ಫಸಲು. ಆತ ಯಜಮಾನರಿಗೆ ಹೇಳಿಕಳಿಸಿದ.

ಈ ಸಲದ ತೊಡಕೆಂದರೆ, ಬಾವಿಯನ್ನು ಹಿತ್ತಿಲಿಗೆ ಹೊತ್ತು ತರುವಂತಿರಲಿಲ್ಲ. ಯಜಮಾನರು ಬೆಳಿಗ್ಗೆಯೇ ಹೋದರು. ಮಧ್ಯಾಹ್ನದ ಹೊತ್ತಿಗೆ ತೊಯ್ದು ತೊಪ್ಪೆಯಾಗಿ ಹಿಂದಿರುಗಿದರು. ತಲೆಯಲ್ಲಿ ರುಮಾಲಿರಲಿಲ್ಲ. ರುಮಾಲಿಲ್ಲದ ಅವರ ತಲೆಯನ್ನು ನಾನು ನೋಡಿದ್ದು ಅದೇ ಮೊದಲು, ನಡುನೆತ್ತಿ ಬೋಳಾಗಿತ್ತು. ಜಗಲಿಯ ಮೇಲೆ ಕೂತು, ಎರಡು ಹೇಗೋ ಬಂದವು, ಎರಡು ಬರಲಿಲ್ಲ, ಅದರಲ್ಲೊಂದರ ಮೂಲೆಗಳನ್ನು ಸುತ್ತಿಗೆ ಹಾಕಿ ಸವೆಸಿಬಿಟ್ಟೆ ಎಂದು ನೆಲ ನೋಡುತ್ತ ಹೇಳಿದರು. ಎಂದಿನ ದೊಡ್ಡ ದನಿ ಎಲ್ಲಿ ಹೋಗಿತ್ತೋ. ಆಮೇಲೆ ಅಕ್ಕನ ಕಡೆ ತಿರುಗಿ, "ನೀನು ಬತ್ತೀಯಾ?" ಅಂದರು.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಒಳಗೆ ಹೋಗಿ ಎಣ್ಣೆಯ ಡಬ್ಬ, ಪಾನಾ, ಮೇಣದಬತ್ತಿ, ಇದ್ದಲು, ಒಲೆಯ ಊದುಗೊಳವೆ, ದೊಡ್ಡ ಕಬ್ಬಿಣದ ಸೌಟು, ಎಲ್ಲವನ್ನೂ ಬುಟ್ಟಿಗೆ ತುಂಬಿಕೊಂಡು ಬಂದರು. ಮೊದಲೇ ಜೋಡಿಸಿಟ್ಟಿದ್ದರೋ ಎನ್ನುವಷ್ಟು ಬೇಗ. ಗಂಡಸರ ನಡುವೆ ಒಬ್ಬಳೇ ಆಗುತ್ತೇನೆ, ಜೊತೆಗೆ ಬಾ ಎಂದು ನನ್ನನ್ನೂ ಕರೆದರು. ಮಳೆ ಹನಿಯುತ್ತಿತ್ತು. ನಮ್ಮವರ ಕೊಡೆ ಹಿಡಿದು ನಾನೂ ಗಾಡಿ ಹತ್ತಿದೆ.

ಬಾವಿಯ ಸುತ್ತ ಅಟ್ಟೂರಿನ ಗಂಡಸರು ಗೋಣಿ ಹೊದ್ದು ನಿಂತಿದ್ದರು. ಹಳೆಯ ಕಪಿಲೆಯ ಮರದ ಕಂಬಗಳಿಗೆ ರಾಟೆ ಕಟ್ಟಿ, ಹಗ್ಗ ಇಳಿಬಿಟ್ಟು, ಇಂಜಿನ್ನು ಸಡಿಲವಾದರೆ ಎಳೆಯಲು ತಯಾರಾಗಿದ್ದರು. ಅಕ್ಕ ಸೀರೆಯ ನೆರಿಗೆ ಎತ್ತಿ ಕಟ್ಟಿ ಮೆಟ್ಟಿಲ ಕಡೆ ನಡೆದಾಗ, ತಾತ ಅಡ್ಡ ಬಂದ. ಹೆಂಗಸರನ್ನು ಬಾವಿಗಿಳಿಸುವುದು ಬೇಡ ಎಂದು ಯಜಮಾನರಿಗೆ ಹೇಳಿದ. ಎಲ್ಲರೂ ಯಜಮಾನರ ಮುಖ ನೋಡಿದರು. ಅಕ್ಕನೂ ನೋಡಿದರು. ಆ ನೋಟದಲ್ಲಿ ಕೇಳಿಕೆಯೇನೂ ಇರಲಿಲ್ಲ. ಏನು ಹೇಳುತ್ತಾರೋ ನೋಡೋಣ ಎನ್ನುವ ಹಾಗೆ ಕಾದರು, ಅಷ್ಟೆ. ಯಜಮಾನರು ಒದ್ದೆ ಮೀಸೆಯನ್ನು ಒರೆಸಿಕೊಂಡರು.

"ನೋಡ್ರಪ್ಪ, ಇಷ್ಟ್ ವರ್ಸ ಬಿಚ್ಚಿದ್ದೆಲ್ಲ ಇವ್ಳೇಯ" ಅಂದರು. "ನಾನು ಬರೀ ತಿಣುಕ್ತಿದ್ದೆ."

ತಾತ ಮುಖದ ಮೇಲಿನ ಮಳೆನೀರು ಒರೆಸಿಕೊಂಡ.

"ಅದು ಊರ್ಗೆಲ್ಲ ಗೊತ್ತು ಬುಡು ಯಜಮಾನ. ಮೆಟ್ಲು ಜಾರ್ತದೆ ಅಂತ ಏಳ್ದೆ ಅಷ್ಟೇಯ."

ಯಜಮಾನರು ಆ ಕಡೆ ಗೋಣಿ ಹೊದ್ದು ನಿಂತಿದ್ದ ಒಬ್ಬನನ್ನು ನೋಡಿ, ನಿನಗೂ ಗೊತ್ತಿತ್ತೇ ಎಂದರು. ಅವನು ತಲೆಯಾಡಿಸಿದ. ಅವನ ಪಕ್ಕದವನೂ ಆಡಿಸಿದ. ಒಬ್ಬ, ತಿಣುಕುವುದು ಚೆನ್ನಾಗಿರುತ್ತಿತ್ತು, ಅದಕ್ಕೇ ಸುಮ್ಮನಿದ್ದೆವು ಎಂದ. ಯಜಮಾನರು ಹೀಗೆ ಒಬ್ಬೊಬ್ಬರನ್ನೇ ವಿಚಾರಿಸುತ್ತಿರುವಾಗ ಅಕ್ಕ ಅರ್ಧ ಮೆಟ್ಟಿಲು ಇಳಿದಾಗಿತ್ತು.

ನಾನೂ ಇಳಿದೆ. ಇಳಿಯುವಾಗ ನೆನೆಯದ ದೇವರಿಲ್ಲ. ಅಕ್ಕ ಜಗಲಿಯ ಮೇಲೆ ಮಂಡಿಯೂರಿದರು. ಸೌಟಿನಲ್ಲಿ ಇದ್ದಲು ಹೊತ್ತಿಸಿ ಕೆಂಡ ಮಾಡಿ ನಟ್ಟಿಗೆ ಒತ್ತಿ ಹಿಡಿದು, ಊದುಗೊಳವೆಯಿಂದ ಊದಿದರು. ಕೆಂಡದ ಮೇಲೆ ಮಳೆ ಬೀಳದಂತೆ ನಾನು ಕೊಡೆ ಹಿಡಿದೆ. ಹೊಗೆ ಕೊಡೆಯೊಳಗೇ ಸುತ್ತಿ ಇಬ್ಬರಿಗೂ ಕೆಮ್ಮು. ಕೆಳಗೆ ನೀರು ಸದ್ದಿಲ್ಲದೆ ಏರುತ್ತಿತ್ತು. ಕಲ್ಲಿನ ಒಂದು ಸಂದು ಈಗ ಕಾಣುತ್ತಿದ್ದದ್ದು ಸ್ವಲ್ಪ ಹೊತ್ತಿಗೆ ಕಾಣುತ್ತಿರಲಿಲ್ಲ. ನಟ್ಟು ಕಾಯಿತು. ಮೇಣ ಒತ್ತಿದರು, ಚಿರ್ ಎಂದು ಒಳಗಿಳಿಯಿತು. ಪಾನಾ ಹಾಕಿ ಎಳೆಯಷ್ಟು ಬಿಗಿ ಮಾಡಿದರು. ಟಿಕ್ ಎಂದಿತು. ಮೂರನೆಯ ನಟ್ಟು ಬಂತು.

ನಾಲ್ಕನೆಯದರ ಮೂಲೆಗಳೇ ಉಳಿದಿರಲಿಲ್ಲ. ಪಾನಾ ಹಾಕಿದರೆ ಸುಮ್ಮನೆ ಜಾರಿ ಸುತ್ತುತ್ತಿತ್ತು. ಅಕ್ಕ ಅದರ ಮೇಲೆ ಬೆರಳಾಡಿಸಿ, ನೀರನ್ನು ನೋಡಿದರು. ನಟ್ಟನ್ನು ಕಡಿದು ಹಾಕುವುದೆಂದರೆ ಆಕೆಗೆ ಆಗದು. ಇಷ್ಟು ವರ್ಷದಲ್ಲಿ ಒಂದನ್ನೂ ಕಡಿದವರಲ್ಲ. ಆದರೆ ಈಗ ಎಣ್ಣೆ ಇಳಿಯುವತನಕ ಕಾಯಲು ಹೊತ್ತಿರಲಿಲ್ಲ. ತಲೆಯೆತ್ತಿ, ಉಳಿ ಸುತ್ತಿಗೆ ತಗೊಂಡು ನೀವು ಇಳಿಯಿರಿ ಎಂದು ಗಂಡನಿಗೆ ಹೇಳಿದರು.

ಯಜಮಾನರು ಇಳಿದುಬಂದರು. ಅಕ್ಕ ಕಬ್ಬಿಣ ಕಡಿಯುವ ಉಳಿಯನ್ನು ನಟ್ಟಿನ ಪಕ್ಕಕ್ಕಿಟ್ಟು ಎರಡೂ ಕೈಯಿಂದ ಹಿಡಿದರು. ಯಜಮಾನರು ಸುತ್ತಿಗೆ ಎತ್ತಿ, ಹಾಗೇ ನಿಂತರು. ಬೇರೆ ಯಾರಾದರೂ ಹೊಡೆಯಲಿ, ನನ್ನ ಪೆಟ್ಟು ನೆಟ್ಟಗೆ ಬೀಳುವುದಿಲ್ಲ, ನಿನಗೇ ಗೊತ್ತಲ್ಲ ಎಂದರು. ಬೆರಳು ಜಜ್ಜಿಹೋದೀತು ಎಂಬ ಭಯ ಅವರಿಗೆ. ನನಗೂ ಅದೇ ಭಯ.

ಅಕ್ಕ ಉಳಿಯಿಂದ ಕಣ್ಣು ತೆಗೆಯಲಿಲ್ಲ. "ನಾನು ಇಡ್ಕಂಡಿವ್ನಿ. ನೀವು ಒಡೀರಿ" ಅಂದರು.

ಮೊದಲ ಪೆಟ್ಟು ಉಳಿಯ ನೆತ್ತಿಗೆ ಬಿತ್ತು. ಎರಡನೆಯದೂ ಅಲ್ಲೇ ಬಿತ್ತು. ಅಕ್ಕನ ಕೈ ಒಂದಿಷ್ಟೂ ಅಲುಗಲಿಲ್ಲ. ಯಜಮಾನರು ಈಗ ಗುರುಗುಟ್ಟುತ್ತಿರಲಿಲ್ಲ, ಉಸಿರನ್ನೇ ಬಿಗಿಹಿಡಿದು ಹೊಡೆಯುತ್ತಿದ್ದರು. ಪೆಟ್ಟಿಗೆ ಪೆಟ್ಟು ಸೇರಿ, ಕೊನೆಗೆ ನಟ್ಟು ಬಿರಿದು ಎರಡು ಹೋಳಾಗಿ ನೀರಿಗೆ ಹಾರಿತು. ಮೇಲಿದ್ದವರು ಹಗ್ಗ ಬಿಗಿದರು. ಇಂಜಿನ್ನು ಕಲ್ಲಿನಿಂದ ಎದ್ದು, ತೂಗಾಡುತ್ತ, ನಮ್ಮ ತಲೆಯ ಮೇಲಿಂದ ಹೋಯಿತು. ನಾವು ಮೂವರೂ ಮೇಲೆ ಬಂದಾಗ ಅಕ್ಕ ತಮ್ಮ ಹತ್ತೂ ಬೆರಳನ್ನು ಗಂಡನ ಮುಖದ ಮುಂದೆ ಅರಳಿಸಿ ತೋರಿಸಿದರು. ಅವರು ಆ ಬೆರಳುಗಳನ್ನು ನೋಡಿದರು. ಹೋಗಿ ಗಾಡಿಯ ಮುಂದಿನ ಮೂಕಿಮರದ ಮೇಲೆ ಕೂತುಬಿಟ್ಟರು. ಸಂಜೆಯೊಳಗೆ ನೀರು ಜಗಲಿಯ ಮೇಲೆ ಹರಿಯಿತಂತೆ.

ಇಷ್ಟಾದ ಮೇಲೆ ಯಜಮಾನರು ಮೆತ್ತಗಾದರು ಎಂದುಕೊಳ್ಳಬೇಡಿ. ತಮ್ಮ ತೋಳಿನ ಬಡಾಯಿ ನಿಲ್ಲಿಸಿ ಹೆಂಡತಿಯ ಬಡಾಯಿ ಶುರುಮಾಡಿದರು, ಅದು ಮೊದಲಿನದಕ್ಕಿಂತ ಜೋರು. ಬಸ್ ಸ್ಟಾಪಿನಲ್ಲಿ, ಹೋಟೆಲಿನಲ್ಲಿ, ಸಂತೆಯಲ್ಲಿ ಸಿಕ್ಕಸಿಕ್ಕವರಿಗೆ ಬಾವಿಯ ಕಥೆ ಹೇಳುವರು. ಹೇಳಿದಷ್ಟು ಸಲವೂ ಬಾವಿ ಆಳವಾಗುತ್ತ ಹೋಯಿತು. ಹಳೆಯ ಯಂತ್ರ ತರುವುದನ್ನೂ ಬಿಡಲಿಲ್ಲ, ಬಿಚ್ಚುವವರು ಮನೆಯಲ್ಲೇ ಇದ್ದಾರಲ್ಲ ಎಂದು ಬಹಿರಂಗವಾಗಿಯೇ ತರತೊಡಗಿದರು. ಮರುಬೇಸಿಗೆ ತಾತ ಮೊದಲ ಫಸಲಿನ ದ್ರಾಕ್ಷಿಯನ್ನು ಬುಟ್ಟಿಯಲ್ಲಿ ಹೊತ್ತು ತಂದ. ಯಜಮಾನರು ಜಗಲಿಯಿಂದೆದ್ದು ಎರಡು ಕೈ ಚಾಚಿದರು. ತಾತ ನಮಸ್ಕಾರ ಮಾಡಿ, ಅವರ ಪಕ್ಕದಿಂದ ಹಾದು, ಮನೆಯನ್ನು ಬಳಸಿಕೊಂಡು ನೇರ ಹಿತ್ತಿಲಿಗೆ ಹೋದ. ಚಾಚಿದ ಕೈಯನ್ನು ಯಜಮಾನರು ಮೈ ಮುರಿಯುವವರಂತೆ ಮೇಲೆತ್ತಿ ಆಕಳಿಸಿದರು. ಗೋಡೆಯ ಈಚೆ ನಾನು ನಗುತ್ತಿದ್ದುದನ್ನು ಕಂಡು, ಹುಳಿ ದ್ರಾಕ್ಷಿ ಇರಬೇಕು ಬಿಡಮ್ಮ ಅಂದರು.

ನಮ್ಮವರಿಗೆ ಅರಸೀಕೆರೆಗೆ ವರ್ಗವಾಗಿ ನಾವು ಯಲಹಂಕ ಬಿಟ್ಟೆವು. ಆಮೇಲೆ ಊರೂರು ಸುತ್ತುವುದಾಯಿತು. ಅಕ್ಕ ಬಹಳ ಕಾಲ ಬದುಕಿದರು. ಯಜಮಾನರು ಮೊದಲು ಹೋದರು. ಆಕೆ ಹೋದ ಸುದ್ದಿ ನನಗೆ ಈಚೆಗೆ, ಮದುವೆಮನೆಯೊಂದರಲ್ಲಿ ಊಟಕ್ಕೆ ಕೂತಾಗ, ಪಕ್ಕದ ಎಲೆಯಲ್ಲಿದ್ದವರ ಬಾಯಿಂದ ತಿಳಿಯಿತು. ಎಲೆಯ ಮುಂದೆ ಅಳುವಂತಿಲ್ಲ, ಏಳುವಂತಿಲ್ಲ. ಬಡಿಸುವವರು ಪಾಯಸ ತಂದಾಗ ಬೇಡವೆಂದು ಕೈ ಅಡ್ಡ ಹಿಡಿದೆ.

ಅವರನ್ನು ನಾನು ಕೊನೆಯ ಸಲ ಕಂಡದ್ದು, ಯಲಹಂಕದ ಹೊಲಗಳಿಗೆ ಕರೆಂಟು ಬಂದ ಹೊಸದರಲ್ಲಿ. ನೆಂಟರ ಮನೆಗೆ ಬಂದವಳು ನೋಡಿಕೊಂಡು ಹೋಗೋಣವೆಂದು ಹೊಕ್ಕೆ. ಅಕ್ಕನ ಹೊಲಕ್ಕೆ ಹೊಸ ಪಂಪ್‌ಸೆಟ್ಟು ಬಂದಿತ್ತು, ಅಂಗಳದಲ್ಲಿ ಮೆಕ್ಯಾನಿಕ್ಕುಗಳು ಅದರ ಭಾಗಗಳನ್ನು ಜೋಡಿಸುತ್ತಿದ್ದರು. ಹಸಿರು ಬಣ್ಣ ಥಳಥಳಿಸುತ್ತಿತ್ತು. ಅದಕ್ಕೆ ಬಂದ ಬೋಲ್ಟುಗಳನ್ನೆಲ್ಲ ಅಕ್ಕ ಒಂದು ಮೊರದಲ್ಲಿ ಹಾಕಿಕೊಂಡು, ಒಂದೊಂದನ್ನೇ ಎತ್ತಿ, ಬೆಣ್ಣೆ ಸವರುವಂತೆ ಸುತ್ತು ಸುತ್ತಿಗೂ ಗ್ರೀಸು ಸವರಿ ಕೊಡುತ್ತಿದ್ದರು. ಕೂದಲು ನರೆತಿತ್ತು, ಕಣ್ಣಿಗೆ ಕನ್ನಡಕ ಬಂದಿತ್ತು. ನನ್ನನ್ನು ಕಂಡವರೇ, ಕೂತ್ಕೊ ಅಂದು ಒಂದು ಹಿಡಿ ಬೋಲ್ಟನ್ನು ನನ್ನ ಮಡಿಲಿಗೂ ಸುರಿದರು.

ಹೊಸ ಸಾಮಾನಿಗೆ ಇದೆಲ್ಲ ಯಾಕೆ, ಇನ್ನೂ ಬಿಗಿಯುವ ಮೊದಲೇ ಎಣ್ಣೆ ಉಪಚಾರವೇ ಎಂದು ಕೇಳಿದೆ.

ಆಕೆ ಕೈಯಲ್ಲಿದ್ದ ಬೋಲ್ಟನ್ನು ಬಿಸಿಲಿಗೆ ಹಿಡಿದು, ಸವರದೆ ಉಳಿದ ಜಾಗವೇನಾದರೂ ಇದೆಯೇ ಎಂದು ಕನ್ನಡಕದ ಕೆಳಗಿನಿಂದ ನೋಡಿದರು. "ಮುಂದಕ್ಕೆ ಇದ್ನ ಬಿಚ್ಚೋರು ಯಾರೋ ಏನೋ" ಅಂದರು. "ಪಾಪ, ಅವ್ರು ಕೂತ್ಕಂಡು ನಮ್ಮನ್ನ ಬಯ್ಕೋಬಾರ್ದು ಕಣವ್ವ."